ಪದದ ಕೊನೆಗೊಂದು ಊರು

ತಂಗಡಗಿಯ ಹೊಳೆದಂಡೆ, ಮಧ್ಯಾಹ್ನ. ಮುದ್ದೇಬಿಹಾಳದ ಬಸ್ಸು ಇನ್ನೂ ಬಂದಿಲ್ಲ. ಚಹಾದಂಗಡಿಯ ತಗಡಿನ ಮಾಡಿನ ಒಳಗೆಲ್ಲ ಕೃಷ್ಣೆಯ ಬೆಳಕು ಅಲುಗಾಡುತ್ತಿದೆ. ನೀರೊಳಗೆ ಕುಳಿತ ಹಾಗೆ ಅನ್ನಿಸುತ್ತಿದೆ. ಜೊತೆಗೆ ಐರ್ಲೆಂಡಿನ ನೋರಾ. ತಾನೇ ಹಾಡು ಕಟ್ಟಿ, ಗಿಟಾರು ಹೊತ್ತು, ಯಾವ ಮ್ಯೂಸಿಕ್ ಕಂಪನಿಯ ಹಂಗೂ ಇಲ್ಲದೆ ಊರೂರಲ್ಲಿ ಹಾಡುವವಳು. ನಾನು ಅವಳ ದುಭಾಷಿ.

ಬೆಂಚಿನ ಆ ತುದಿಯಲ್ಲಿದ್ದ ಭಜನಾ ಮೇಳದ ಶಾಂತವ್ವ ಅವಳಿಂದ ಒಂದು ಹಾಡು ಹಾಡಿಸಿ, ಕಣ್ಣು ಮುಚ್ಚಿ ಕೇಳಿದಳು.

"ಪದ ಚಲೋ ಐತಿ. ಅಂಕಿತ ಎಲ್ಲೈತ್ರಿ?"

ಪದ ಕಟ್ಟಿದವರು ಕೊನೆಯ ನುಡಿಯಲ್ಲಿ ತಮ್ಮ ಊರನ್ನೋ ದೇವರನ್ನೋ ಹೆಸರಿಸುತ್ತಾರೆ, ಅದೇ ಅಂಕಿತ ಎಂದು ನಾನು ನೋರಾಳಿಗೆ ತಿಳಿಸಿದೆ. ನೋರಾ ನಕ್ಕಳು. ಮೊದಲ ಹಾಡುಗಳನ್ನೆಲ್ಲ ಒಂದು ಕಂಪನಿಗೆ ಬರೆದುಕೊಟ್ಟಿದ್ದಳಂತೆ. ಅವು ಈಗ ಅವಳವಲ್ಲ. ಅದಕ್ಕೇ ಒಂಟಿಯಾಗಿ ಹೊರಟದ್ದು.

ಅದನ್ನು ಕನ್ನಡದಲ್ಲಿ ಹೇಳಿದೆ. "ಹೆಸರಿಲ್ಲದ ಪದಾನ ಯಾರರ ಒಯ್ತಾರ್ರಿ," ಎಂದಳು ಶಾಂತವ್ವ. "ಊರ ಹಾಕಿ ಇನ್ನೊಮ್ಮಿ ಹಾಡಂತ ಹೇಳ್ರಿ."

ನೋರಾ ಗಿಟಾರಿನ ತಂತಿ ಸರಿಮಾಡಿಕೊಂಡಳು. ಆಮೇಲೆ ಅದೇ ಹಾಡನ್ನು ಮೆಲ್ಲಗೆ ಎತ್ತಿಕೊಂಡು, ಕೊನೆಯ ಸಾಲಿಗೆ ಒಂದು ಹೆಸರು ಸೇರಿಸಿದಳು: ಡೂನ್‌ಕೆರಿ. ನಾಲ್ಕು ದಿನ ಜೊತೆಗೆ ತಿರುಗಿದರೂ ಅವಳ ಊರು ಯಾವುದೆಂದು ನಾನು ಕೇಳಿರಲಿಲ್ಲ. ದುಭಾಷಿ ಅಂತ ಹೆಸರು ಬೇರೆ.

ಶಾಂತವ್ವ ತಲೆದೂಗಿ, "ದೂನಕೇರಿ, ದೂನಕೇರಿ," ಎಂದು ಬಾಯಲ್ಲಿ ಹೊರಳಿಸಿ ನನ್ನತ್ತ ತಿರುಗಿದಳು. "ನಮ್ಮ ಇಂಡಿ ತಾಲೂಕಿನ ಕಡಿ ಬರ್ತೈತಲ್ರಿ ಅದು?"

ಹೌದ್ರಿ, ಅಂದೆ.