ಊಟದ ಸೈರನ್

ಮಾವನ ಎಡಗಿವಿಯ ಹಿಂದೆ ಗೋಡಂಬಿಯಾಕಾರದ, ಚರ್ಮದ ಬಣ್ಣದ ಒಂದು ಶ್ರವಣಯಂತ್ರ ಕೂತಿರುತ್ತಿತ್ತು. ಎಡಗಿವಿ ಎಂದು ಬರೆದ ಮೇಲೆ ಅನುಮಾನ ಬಂತು. ಫೋಟೋಗಳನ್ನು ತೆಗೆದು ನೋಡಿದೆ. ಕೆಲವುಗಳಲ್ಲಿ ಎಡ, ಕೆಲವುಗಳಲ್ಲಿ ಬಲ. ಸೆಲ್ಫಿಗಳು ಕನ್ನಡಿಯಂತೆ ತಿರುಗಿಸಿ ತೋರಿಸುತ್ತವೆ. ಯಾವುದು ಸೆಲ್ಫಿ, ಯಾವುದು ಬೇರೆಯವರು ತೆಗೆದದ್ದು ಎಂಬುದೂ ಈಗ ನೆನಪಿಲ್ಲ. ಅತ್ತೆಯನ್ನು ಕೇಳಬಹುದಿತ್ತು, ಧೈರ್ಯವಾಗಲಿಲ್ಲ. ವರ್ಷಗಟ್ಟಲೆ ಎದುರಿಗೇ ಕೂತು ಊಟ ಮಾಡಿದ ನನಗೆ ಯಾವ ಕಿವಿ ಎಂಬುದೇ ಖಚಿತವಿಲ್ಲ ಎಂದಮೇಲೆ, ಮುಂದೆ ಬರೆಯುವುದರಲ್ಲೂ ಅಲ್ಲಲ್ಲಿ ತಪ್ಪಿರಬಹುದು. ಮಾತುಗಳು ಹಿಂದುಮುಂದಾಗಿರಬಹುದು. ಒಂದು ಭಾನುವಾರ ಬೆಳಿಗ್ಗೆ ಅವರು ಆಡಿದ ಒಂದು ಮಾತು ಮಾತ್ರ ಹಾಗಲ್ಲ. ಅದು ಮರೆತುಹೋಗಲಿ ಎಂದು ಎಷ್ಟೋ ಸಲ ಬಯಸಿದ್ದೇನೆ.

ಅವರು ನನ್ನ ಅಮ್ಮನ ತಮ್ಮ. ಮೈಸೂರಿನಲ್ಲಿ ಓದಿ, ಕೆಲಸಕ್ಕೆಂದು ಕ್ವಾಲಾಲಂಪುರಕ್ಕೆ ಬಂದು ಇಲ್ಲೇ ನಿಂತವರು. ನಾನು ಇಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಬಾಂಗ್ಸಾರ್‌ನ ಅವರ ಫ್ಲಾಟಿನ ಚಿಕ್ಕ ಕೋಣೆ ನನ್ನದಾಯಿತು. ಕೆಲಸ ಸಿಕ್ಕಮೇಲೂ ಅದನ್ನು ಬಿಡಲಿಲ್ಲ. ಅವರೂ ಬಿಡು ಎನ್ನಲಿಲ್ಲ.

ಮಾವನ ಕಸುಬು ಸೈರನ್. ಪೆಸಿಫಿಕ್ ಸಾಗರದ ನಡುವೆ ಒಂದು ಪುಟ್ಟ ದೇಶ, ಕೆಲವೇ ದ್ವೀಪಗಳು. ಒಂದು ಚಂಡಮಾರುತ ಬಂದರೆ ಶಾಲೆ, ಬಂದರು, ತೆಂಗು ಎಲ್ಲ ಒಟ್ಟಿಗೇ ಹೋಗುತ್ತವೆ. ಮತ್ತೆ ಕಟ್ಟಿ ಮುಗಿಸುವಷ್ಟರಲ್ಲಿ ಇನ್ನೊಂದು ಬರುತ್ತದೆ. ನಡುವೆ ಭೂಕಂಪ, ಸುನಾಮಿ. ಒಂದು ಅಭಿವೃದ್ಧಿ ಬ್ಯಾಂಕು ಆ ದೇಶಕ್ಕೆ ಅರ್ಧ ಸಾಲವಾಗಿ, ಅರ್ಧ ನೆರವಾಗಿ ಹಣ ಕೊಡುತ್ತಿತ್ತು. ಅದರಲ್ಲಿ ಒಂದು ಪಾಲು, ಸಮುದ್ರ ಏರುವ ಮೊದಲೇ ಜನರನ್ನು ಗುಡ್ಡಕ್ಕೆ ಹತ್ತಿಸಲು ಕೂಗುವ ಸೈರನ್ನುಗಳಿಗೆ. ಆ ಕೆಲಸ ಕ್ವಾಲಾಲಂಪುರದ ಒಂದು ಸಣ್ಣ ಕಂಪನಿಗೆ ಬಂತು. ಕಂಪನಿ ಅದನ್ನು ಮಾವನಿಗೆ ಒಪ್ಪಿಸಿತು. ಸೈರನ್ ಕಂಬಗಳ ಬುಡದಲ್ಲಿ ನಿಂತು ನಿಂತೇ ಅವರ ಕಿವಿ ಹೋದದ್ದು ಎಂದು ಅತ್ತೆ ಹೇಳುತ್ತಿದ್ದರು. ಅಜ್ಜನಿಗೂ ಕಿವಿ ಮಂದವಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಎರಡೂ ನಿಜವಿರಬಹುದು.

ಒಂದು ಮನೆಯೂ ತಪ್ಪದಂತೆ ಶಬ್ದ ಮುಟ್ಟಿಸುವುದು ಹೇಗೆ ಎಂಬುದೇ ಅವರ ಧ್ಯಾನ. ಬ್ರಿಕ್‌ಫೀಲ್ಡ್ಸ್‌ಗೆ ತರಕಾರಿಗೆ ಹೋದರೆ ನನ್ನನ್ನು ಬೀದಿಯ ಆ ತುದಿಗೆ ಕಳಿಸಿ, ಅಂಗಡಿಯ ಮುಂದೆ ನಿಂತು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಕೇಳಿಸಿದರೆ ನಾನು ಕೈ ಎತ್ತಬೇಕು. ತಮಿಳು ಅಂಗಡಿಯವರು ಮೊದಮೊದಲು ಹೆದರಿದರು, ಆಮೇಲೆ ತಮಾಷೆ ಮಾಡತೊಡಗಿದರು.

“ಸಾರ್, ಪೋನ್ ಇಲ್ಲೈಯಾ?”

“ಫೋನ್ ಬೇಡಪ್ಪ, ಸೊಸೆ ಇದಾಳೆ,” ಎನ್ನುತ್ತಿದ್ದರು ಮಾವ.

ನಾನು ನಾಚಿಕೆಯಿಂದ ಸಾಯುತ್ತ ವಾಪಸು ಬಂದರೆ, “ಕಿವಿಗೆ ಬಿದ್ರೆ ಸಾಕಮ್ಮ, ಕಾಲು ತಾನಾಗೇ ಏಳತ್ತೆ,” ಎಂದು ನುಗ್ಗೇಕಾಯಿಯ ಚೀಲವನ್ನು ನನ್ನ ಕೈಗೆ ಕೊಡುತ್ತಿದ್ದರು. ಈ ಮಾತನ್ನು ಅವರು ಎಲ್ಲ ಕಡೆ ಹೇಳುತ್ತಿದ್ದರು. ಬ್ಯಾಂಕಿನವರಿಗೂ ಇಂಗ್ಲಿಷಿನಲ್ಲಿ ಹೇಳಿದ್ದರಂತೆ.

ತಿಂಗಳಿಗೊಮ್ಮೆ ಸೈರನ್ ಕೂಗಿಸಿ ಪರೀಕ್ಷಿಸಬೇಕು ಎಂಬುದು ಬ್ಯಾಂಕಿನ ಷರತ್ತು. ನ್ಯಾಯವಾದ ಷರತ್ತೇ, ನೆರವಿನಲ್ಲಿ ಬಂದ ಯಂತ್ರಗಳು ತುಕ್ಕು ಹಿಡಿದು ನಿಂತದ್ದನ್ನು ಅವರು ಬೇಕಾದಷ್ಟು ಕಂಡಿದ್ದರು. ದಿನ, ಹೊತ್ತು ಗೊತ್ತುಮಾಡುವುದು ಮಾವನಿಗೆ ಬಿಟ್ಟದ್ದು. ಅಲ್ಲಿನ ಇಗರ್ಜಿಯ ವಯಸ್ಸಾದ ಪಾದ್ರಿ, ಪ್ರಾರ್ಥನೆಯ ನಡುವೆ ಮಾತ್ರ ಬೇಡ ಎಂದು ಕೇಳಿಕೊಂಡರಂತೆ. ಮಾವ ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ, ಪ್ರಾರ್ಥನೆ ಮುಗಿದಮೇಲೆ, ಎಂದು ನಿಶ್ಚಯಿಸಿದರು. ಎಲ್ಲರೂ ಮನೆಯಲ್ಲಿರುತ್ತಾರೆ; ಮಕ್ಕಳು ಬೆಚ್ಚಿಬೀಳುವುದಿಲ್ಲ.

ಅಲ್ಲಿ ಭಾನುವಾರದ ಅಡುಗೆ ನೆಲದಲ್ಲಿ ತೋಡಿದ ಕುಳಿಯಲ್ಲಿ. ಕಾದ ಕಲ್ಲುಗಳ ಮೇಲೆ ಗೆಣಸು, ಮೀನು ಇಟ್ಟು, ಮೇಲೆ ಬಾಳೆಲೆ ಹೊದಿಸಿ ಮಣ್ಣು ಮುಚ್ಚುತ್ತಾರೆ. ಸೈರನ್ ಕೂಗಿದರೆ ಕುಳಿ ತೆರೆಯುವ ಹೊತ್ತು ಎಂಬ ರೂಢಿ ತಾನಾಗಿ ಬಂತು. ಒಂದು ಸಲ ಅಲ್ಲಿಂದ ಬಂದ ಮಾವ ಊಟದ ಮೇಜಿನ ಮೇಲೆ ಫೋನ್ ಇಟ್ಟು ವಿಡಿಯೋ ತೋರಿಸಿದರು. ಸೈರನ್ ಮೊಳಗುತ್ತಿದೆ, ಮಕ್ಕಳು ಅದರಂತೆಯೇ ಊಳಿಡುತ್ತ ಸುತ್ತು ಹೊಡೆಯುತ್ತಿದ್ದಾರೆ, ಹೆಂಗಸೊಬ್ಬಳು ನಗುತ್ತ ಮಣ್ಣು ಸರಿಸುತ್ತಿದ್ದಾಳೆ.

“ನೋಡ್ರೇ, ನಾನು ಕೂಗಿದ್ರೆ ಅಲ್ಲಿ ಎಲೆ ಹಾಕ್ತಾರೆ!”

“ಇಲ್ಲಿ ನಾನು ಕೂಗಿದ್ರೂ ನೀವು ಊಟಕ್ಕೆ ಏಳಲ್ಲ,” ಎಂದರು ಅತ್ತೆ.

“ಅಪ್ಪಾ, ಸೋ ಕ್ಯೂಟ್ ಲಾ, ಸೆಂಡ್ ಮಿ,” ಎಂದಳು ಅವರ ಮಗಳು. ಇಲ್ಲೇ ಹುಟ್ಟಿ ಬೆಳೆದ ಅವಳಿಗೆ ನಾವು ಆಡುವ ಕನ್ನಡವೆಲ್ಲ ಅರ್ಥವಾಗುತ್ತದೆ. ಉತ್ತರ ಮಾತ್ರ ಇಲ್ಲಿಯವರ ‘ಲಾ’ ಸೇರಿದ ಇಂಗ್ಲಿಷಿನಲ್ಲಿ. ಆ ವಿಡಿಯೋ ನನ್ನ ಫೋನಿನಲ್ಲೂ ಇದೆ. ಈಗ ಅದನ್ನು ಶಬ್ದ ತೆಗೆದು ನೋಡಿದರೆ ಮಕ್ಕಳು ಹೆದರಿ ಓಡುತ್ತಿರುವಂತೆಯೇ ಕಾಣುತ್ತದೆ.

ಆ ಭಾನುವಾರ, ಅದೂ ತಿಂಗಳ ಮೊದಲನೆಯದೇ, ಫ್ಲಾಟಿನ ಕೆಳಗೆ ತಮಿಳು ಮುಸ್ಲಿಮರ ಮಾಮಾಕ್ ಹೋಟೆಲಿನಲ್ಲಿ ಮಾವ, ನಾನು ಇಬ್ಬರೇ ಇದ್ದೆವು. ಅತ್ತೆಗೆ ತಪಾವ್, ಅಂದರೆ ಪೊಟ್ಟಣ, ಕಟ್ಟಿಸಿ ಒಯ್ಯಬೇಕಿತ್ತು. ಇಲ್ಲಿ ಬೆಳಗಿನ ತಿಂಡಿಯ ವೇಳೆ, ಅಲ್ಲಿ ಮಧ್ಯಾಹ್ನ. ದ್ವೀಪದಲ್ಲಿ ಸೈರನ್ ಕೂಗಿದರೆ ಮಾವನ ಫೋನು ಟಿಂಗ್ ಎನ್ನುವಂತೆ ಮಾಡಿಟ್ಟಿದ್ದರು. ಎಂದಿನಂತೆ ಟಿಂಗ್ ಎಂದಿತು. ಮಾವ ನೋಡಿದರು.

“ಹಾಂ, ಅಲ್ಲಿ ಊಟಕ್ಕೆ ಕೂತ್ರು,” ಎಂದರು.

ಫೋನನ್ನು ಬೋರಲು ಹಾಕಿ, ರೋಟಿ ಚನಾಯ್ ಹರಿದು ಸಾರಿನಲ್ಲಿ ಅದ್ದಿದರು.

ಅಂದು ಸೈರನ್ ಹನ್ನೆರಡಕ್ಕೆ ಕೆಲವು ನಿಮಿಷ ಮೊದಲೇ ಕೂಗಿತ್ತು. ಸಮುದ್ರದಡಿಯ ಭೂಕಂಪಕ್ಕೆ ಮಾವನ ಯಂತ್ರ ಎಚ್ಚೆತ್ತು, ಕೂಗಬೇಕಾದಂತೆ ಕೂಗಿತ್ತು. ನೆಲ ನಡುಗಿದ್ದು ಜನರಿಗೆ ಗೊತ್ತಾಗಿರಲಿಲ್ಲವೇ ಎಂದು ಆಮೇಲೆ ಮಾವನನ್ನು ಕೇಳಿದ್ದೆ. ಭೂಕಂಪ ದೂರದ್ದು, ಅಂಥ ಸಣ್ಣ ನಡುಕ ಅಲ್ಲಿ ದಿನನಿತ್ಯದ್ದು ಎಂದರು. ಗುಡ್ಡ ಹತ್ತಲು ಸಮಯವಿತ್ತು. ಹೆಚ್ಚಿನವರು ಕುಳಿ ತೆರೆದು ಊಟಕ್ಕೆ ಕೂತಿದ್ದರು.

ಸುನಾಮಿಯ ಸುದ್ದಿ ತಿಳಿದದ್ದು ನಾವು ಮನೆಗೆ ಬಂದಮೇಲೆ, ಟೀವಿಯಲ್ಲಿ. ಫೋನ್ ಸಂಪರ್ಕ ಮರಳುವವರೆಗೆ ಮಾವ ಸೋಫಾ ಬಿಟ್ಟು ಏಳಲಿಲ್ಲ. ಕೊನೆಗೆ ಪಾದ್ರಿಯೇ ಕರೆ ಮಾಡಿದರು. ಮಾವ “ಎಸ್ ಫಾದರ್, ಎಸ್ ಫಾದರ್” ಎಂದಷ್ಟೇ ಹೇಳುತ್ತಿದ್ದರು. ಫೋನ್ ಇಟ್ಟಮೇಲೆ, ಪಾದ್ರಿ ಏನಂದರು ಎಂದು ಅತ್ತೆ ಕೇಳಿದರು.

“ಚೆನ್ನಾಗಿ ಕೇಳಿಸ್ತಂತೆ.”

“ಏನು?”

“ಸೈರನ್ನು. ಎಲ್ಲರಿಗೂ ಚೆನ್ನಾಗಿ ಕೇಳಿಸ್ತು ಸರ್, ಅಂದ್ರು. ನನಗೆ ಬೇಜಾರಾಗಬಾರದು ಅಂತ ಫೋನ್ ಮಾಡಿದ್ರು ಕಣೇ.”

ಕಾಲು ತಾನಾಗೇ ಏಳುತ್ತದೆ ಎಂಬ ಮಾತನ್ನು ಅವರು ಮತ್ತೆ ಆಡಲಿಲ್ಲ.

ಕೆಲವು ತಿಂಗಳ ಬಳಿಕ ಬ್ಯಾಂಕಿನವರೊಂದಿಗೆ ಸಭೆ ನಡೆಯಿತು. ಮಾವ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು. ಪಕ್ಕದ ಕೋಣೆಯಲ್ಲಿದ್ದ ನನಗೆ ಎಲ್ಲ ಕೇಳಿಸುತ್ತಿತ್ತು. ಒಬ್ಬ ಅಧಿಕಾರಿ, ದನಿಯಿಂದ ಚಿಕ್ಕವಯಸ್ಸಿನವಳು, ಮೊದಲು ಸಂತಾಪ ಹೇಳಿದಳು. ಬಳಿಕ, ಎಲ್ಲ ಸೈರನ್ನುಗಳೂ ಸಮಯಕ್ಕೆ ಸರಿಯಾಗಿ ಕೂಗಿದ್ದರಿಂದ ಕೆಲಸ ತೃಪ್ತಿಕರವೆಂದು ವರದಿಯಾಗುತ್ತದೆ, ಉಳಿದ ದ್ವೀಪಗಳಿಗೂ ಹಣ ಮಂಜೂರಾಗುವ ಸಂಭವವಿದೆ ಎಂದಳು. ಮಾವ ಆ ವರದಿಯಲ್ಲಿ ಒಂದೇ ಒಂದು ವಾಕ್ಯ ಸೇರಿಸಿ ಎಂದು ಕೇಳಿದರು: ಜನ ಸೈರನ್ ಕೇಳಿಯೂ ಏಳಲಿಲ್ಲ, ಏಕೆಂದರೆ ಏಳಬೇಕಿಲ್ಲ ಎಂದು ತಿಂಗಳು ತಿಂಗಳೂ ನಾವೇ ಕಲಿಸಿದ್ದೆವು. ಪರೀಕ್ಷೆಗೆ ಬೇರೆ ಧ್ವನಿ ಇರಬೇಕು, ಪರೀಕ್ಷೆಯ ದಿನವೂ ಜನ ಗುಡ್ಡ ಹತ್ತಿಯೇ ಊಟಕ್ಕೆ ಕೂರಬೇಕು ಎಂದರು. ಆ ಹುಡುಗಿ ತಾಳ್ಮೆಯಿಂದ ಕೇಳಿದಳು. ಅದು ಜನಜಾಗೃತಿಯ ವಿಷಯ, ಬೇರೆ ತಂಡದವರು ನೋಡಿಕೊಳ್ಳುತ್ತಾರೆ, ಅವರಿಗೆ ಖಂಡಿತ ತಿಳಿಸುತ್ತೇನೆ ಎಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗುವುದಿಲ್ಲ. ಆ ಹಣವಿಲ್ಲದಿದ್ದರೆ ಅಲ್ಲಿ ಮತ್ತೆ ಶಾಲೆಯ ಚಾವಣಿಯೂ ಏಳುತ್ತಿರಲಿಲ್ಲ ಎಂದು ಮಾವನೇ ಹೇಳುತ್ತಿದ್ದರು.

ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಬಂದರು. “ಸರಿಯಾಗಿ ಕೂಗಿದ್ದಕ್ಕೆ ಶಭಾಶ್ ಅಂದ್ರು,” ಎಂದು ನೀರು ಕುಡಿದರು.

ಅದಾದಮೇಲೆ ಕೆಲಸ ಬಿಟ್ಟರು. ಶ್ರವಣಯಂತ್ರವನ್ನೂ ಬಿಟ್ಟರು. ಕಿವಿಯಿಂದ ತೆಗೆದು ಅಂಗಿಯ ಜೇಬಿಗೆ ಹಾಕಿಕೊಳ್ಳುವರು, ಆಫ್ ಮಾಡಲು ಮರೆಯುವರು. ಅದು ಜೇಬಿನೊಳಗೆ ಸಣ್ಣಗೆ ಕುಯ್ಯೆಂದು ಶಿಳ್ಳೆ ಹಾಕುತ್ತಿರುತ್ತಿತ್ತು. ಮನೆಯಲ್ಲಿ ಅದು ಕೇಳಿಸದವರು ಅವರೊಬ್ಬರೇ. ಅತ್ತೆ ಸುಮ್ಮನೆ ಹೋಗಿ, ಜೇಬಿಗೆ ಕೈಹಾಕಿ, ಆಫ್ ಮಾಡಿ ಬರುತ್ತಿದ್ದರು.

ಮಾವ ನನ್ನನ್ನು ಮಾತ್ರ ಆಗಾಗ ಕೇಳುತ್ತಿದ್ದರು. “ಅವತ್ತು ಕೆಳಗೆ ತಿಂಡಿ ತಿನ್ನೋವಾಗ ಫೋನ್ ಟಿಂಗ್ ಅಂದಿತಲ್ಲ. ನಾನು ಏನಂದೆ?”

“ಏನೂ ಅನ್ನಲಿಲ್ಲ ಮಾವ,” ಎಂದು ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳುತ್ತಿದ್ದೆ.

“ಅಂದೆ. ನಾನೇ ಹಾಗಂದುಕೊಂಡ ಮೇಲೆ ಅವರೇನು ಮಾಡ್ತಾರೆ ಪಾಪ.”

“ಅಪ್ಪಾ, ಸ್ಟಾಪ್ ಲಾ. ಇಟ್ ವಾಸಂಟ್ ಯು,” ಎನ್ನುವಳು ಮಗಳು. ಅವಳು ಹೇಳಿದ್ದು ಅವರಿಗೆ ಕೇಳಿಸುತ್ತಿತ್ತೋ ಇಲ್ಲವೋ.

ಮಾವ ಹೋದದ್ದು ಮಂಗಳವಾರವೋ ಬುಧವಾರವೋ, ಆಸ್ಪತ್ರೆಯಲ್ಲಿ, ಹೃದಯ ನಿಂತು. ನರ್ಸ್ ಅವರ ಹೆಸರು ಹಿಡಿದು ಕರೆಯುತ್ತಲೇ ಇದ್ದಳಂತೆ. ಅಲ್ಲಿದ್ದವರು ಅತ್ತೆ, ನಾನು ಪಾರ್ಕಿಂಗಿನಲ್ಲಿದ್ದೆ. ಅವರಿಂದ ನಾನು ಪಡೆದದ್ದು ಏನು ಎಂದು ಬರೆದು ಮುಗಿಸಬೇಕೆಂದುಕೊಂಡಿದ್ದೆ: ಕೋಣೆ, ಊಟ, ಈ ಊರು. ಆದರೆ ಅವುಗಳ ಬದಲು, ಬ್ಯಾಂಕಿನವರಿಗೆ ಸೇರಿಸಿ ಎಂದು ಅವರು ಕೇಳಿದ ಆ ವಾಕ್ಯವೇ ನನ್ನ ಪಾಲಿಗೆ ಉಳಿದಿದೆ. ವರದಿಯಲ್ಲಿ ಅದು ಸೇರಲಿಲ್ಲ.

ಈಗ ಮಾವನ ಮಗಳು ಅದೇ ಕಂಪನಿಯಲ್ಲಿದ್ದಾಳೆ. ಉಳಿದ ದ್ವೀಪಗಳಿಗೆ ಹಣ ಬಂದಿದೆ, ಕಂಬಗಳು ಏಳುತ್ತಿವೆ, ಅವಳು ಎರಡು ಸಲ ಹೋಗಿಬಂದಳು. ಮಾವನ ವರ್ಷಾಬ್ದಿಕ ಮುಗಿಸಿದ ಮರುದಿನ ಬ್ರಿಕ್‌ಫೀಲ್ಡ್ಸ್‌ನಲ್ಲಿ ಎಲೆಯ ಮುಂದೆ ಕೂತಿದ್ದಾಗ ಅವಳನ್ನು ಕೇಳಿದೆ. ಬೆರಳಿನಿಂದ ಉಪ್ಪಿನಕಾಯಿಯನ್ನು ಎಲೆಯ ಅಂಚಿಗೆ ತಳ್ಳುತ್ತ, “ಐ ವಿಲ್ ಚೆಕ್, ಅಕ್ಕ,” ಎಂದಳು. ಮಳೆಗಾಲ ಬಂದು ಹೋಯಿತು. ಫೋನಿನಲ್ಲಿ ಮತ್ತೆ ಬರೆದು ಕಳಿಸಿದೆ, ಅವಳಿಗೆ ಓದಲು ಬರಲೆಂದು ಇಂಗ್ಲಿಷ್ ಅಕ್ಷರಗಳಲ್ಲಿ. ಓದಿದ್ದಾಳೆ, ಎರಡು ನೀಲಿ ಗೆರೆ ಕಾಣುತ್ತಿವೆ. ನಾಳೆ ತಿಂಗಳ ಮೊದಲ ಭಾನುವಾರ. ನಾನು ಕೇಳಿದ್ದು ಇಷ್ಟೇ: ಅಲ್ಲಿ ಪರೀಕ್ಷೆಗೆ ಯಾವಾಗ ಕೂಗಿಸ್ತಾರೆ? ಈಗಲೂ ಊಟದ ಹೊತ್ತಿಗೇನಾ?