ಕೊನೆಯ ಅಕ್ಷರದಿಂದ ಶುರು

ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಮ್ಮ ಸೈಕಲ್ ಅಂಗಡಿಯ ಪಕ್ಕದಲ್ಲಿ ಒಬ್ಬರು ಪೇಂಟರ್ ಇದ್ದರು. ಬೋರ್ಡಾಗಲಿ, ನೀರಿನ ಟ್ಯಾಂಕರಾಗಲಿ, ಹೆಸರನ್ನು ಕೊನೆಯ ಅಕ್ಷರದಿಂದ ಶುರುಮಾಡಿ ಹಿಂದಕ್ಕೆ ಬರೆಯುತ್ತಾ ಬರುತ್ತಿದ್ದರು. ಮೊದಲಿಂದ ಬರೆದರೆ ಕೊನೆಗೆ ಜಾಗ ಸಾಲದೆ ಅಕ್ಷರಗಳು ಇಕ್ಕಟ್ಟಾಗುತ್ತವೆ ಎಂಬುದು ಅವರ ನಂಬಿಕೆ. ಮಹಾನಗರ ಪಾಲಿಕೆಯನ್ನು ಯಾರಾದರೂ ‘ಮ.ನ.ಪಾ.’ ಮಾಡಲು ಹೇಳಿದರೆ ಬ್ರಷ್ ಕೆಳಗಿಟ್ಟುಬಿಡುವರು. “ಊರಿನ ಮರ್ಯಾದೆ ಮಾರಾಯ, ಪೂರ್ತಿ ಬರೀಬೇಕು.”

ಒಮ್ಮೆ ಭದ್ರಾವತಿ ನಗರಸಭೆಯ ಹೊಸ ಟ್ಯಾಂಕರ್ ಬಂತು. “ಭ.ನ.ಸ. ಅಂತ ಬರ್ದುಬಿಡಿ ಅಣ್ಣ, ಬೇಗ ಮುಗಿಯತ್ತೆ,” ಎಂದ ಡ್ರೈವರ್.

“ಊರಿನ ಮರ್ಯಾದೆ ಮಾರಾಯ,” ಎಂದು ಇವರು ಏಣಿ ಹತ್ತಿದರು.

ಡ್ರೈವರ್ ಟೀ ಕುಡಿದು ಬರುವಷ್ಟರಲ್ಲಿ ಟ್ಯಾಂಕರಿನ ಬಲತುದಿಯಲ್ಲಿ ‘ಪಾಲಿಕೆ’ ಕೆಂಪಗೆ ಹೊಳೆಯುತ್ತಿತ್ತು. ಶಿವಮೊಗ್ಗದ ಗಾಡಿಗಳಿಗೆ ಬರೆದೂ ಬರೆದೂ ಕೈ ಅದನ್ನೇ ಬರೆದಿತ್ತು.

“ಅಣ್ಣ, ನಮ್ದಿನ್ನೂ ನಗರಸಭೆ. ಪಾಲಿಕೆ ಆಗೋಕೆ ಊರು ಇನ್ನೂ ಬೆಳೀಬೇಕು.”

ಪೇಂಟರ್ ನಾಲಿಗೆ ಕಚ್ಚಿಕೊಂಡರು. ಬಣ್ಣ ಒಣಗುವ ಮೊದಲೇ ಒರೆಸಬೇಕೆಂದು ಟರ್ಪೆಂಟೈನ್ ಬಟ್ಟೆ ಎತ್ತಿಕೊಂಡರು.

“ತಡೀರಿ ತಡೀರಿ!” ಎಂದ ಡ್ರೈವರ್ ತನ್ನ ಮೊಬೈಲನ್ನು ನನ್ನ ಕೈಗೆ ಕೊಟ್ಟು, ತಲೆ ಬಾಚಿಕೊಂಡು, ಆ ‘ಪಾಲಿಕೆ’ಯ ಪಕ್ಕ ಎದೆಯುಬ್ಬಿಸಿ ನಿಂತ. “ಒಂದು ಫೋಟೋ ತೆಗೀರಿ ಸಾರ್. ಊರಲ್ಲಿ ತೋರಿಸ್ತೀನಿ.”

ಪೇಂಟರ್ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು. ಬಣ್ಣ ಒಣಗುತ್ತಿತ್ತು.

“ಅವಸರ ಮಾಡ್ಬೇಡ,” ಎಂದರು ನನಗೆ. “ಚೆನ್ನಾಗಿ ತೆಗಿ. ಊರಿನ ಮರ್ಯಾದೆ ಮಾರಾಯ.”