ಹನ್ನೆರಡು ಕುಂಡ, ಒಂದು ಕಪ್ಪು ಪರದೆ

ಹೂಟಗಳ್ಳಿಯ ನಮ್ಮ ಬೀದಿಯಲ್ಲಿ ಮೂವತ್ತು ದಾಟದ ಅರ್ಧ ಜನ ಭೂಮಿಗೆ ಬಂದೊಡನೆ ಕೇಳಿದ ಮೊದಲ ದನಿ ಜಯಮೇರಿ ಆಂಟಿಯ ಬೈಗುಳ. ಹೆರಿಗೆ ವಾರ್ಡಿನಲ್ಲಿ ಮೂವತ್ತನಾಲ್ಕು ವರ್ಷ ನರ್ಸಾಗಿದ್ದವರು. ನನ್ನನ್ನು ಎತ್ತಿ ಹಿಡಿದವರೂ ಅವರೇ. “ಈ ಸಿಂಚನಳ ತಲೆ ಅವತ್ತೇ ಇಷ್ಟು ದಪ್ಪ. ಅವರಮ್ಮನ ಜೀವ ತೆಗೆದ್ಬುಡ್ತಿದ್ಲು” ಎಂದು ಈಗಲೂ ನಾಲ್ಕು ಜನರ ಮುಂದೆಯೇ ಹೇಳುತ್ತಾರೆ.

ನಿವೃತ್ತಿಯಾದ ಮೇಲೆ ಆ ಬಾಯಿಗೂ ಕೆಲಸ ಬೇಕಲ್ಲ. ತಾರಸಿಯ ಮೇಲಿನ ಹನ್ನೆರಡು ಸೇವಂತಿಗೆ ಕುಂಡಗಳಿಗೆ ಗ್ರಹಚಾರ ಬಂತು. ನೀರು ಹಾಕುತ್ತಲೇ ಶುರು: “ಉಸಿರು ಬಿಗಿ ಹಿಡಿ! ಜೋರಾಗಿ ತಿಣುಕಮ್ಮ! ನಾಚ್ಕೊಂಡ್ರೆ ಆಗುತ್ತಾ?”

ಆ ಕುಂಡಗಳೇನು ಸಾಮಾನ್ಯವಲ್ಲ. ಪ್ರತಿ ಕ್ರಿಸ್‌ಮಸ್‌ಗೆ ಚರ್ಚಿನ ಗೋದಲಿಯಲ್ಲಿ, ಬಾಲಯೇಸುವಿನ ಎರಡೂ ಬದಿಗೆ ನಿಲ್ಲುವುದು ಅವೇ. ಅದನ್ನು ಶುರುಮಾಡಿದವರು ಅವರ ಗಂಡ ಜ್ಞಾನಪ್ರಕಾಶ್ ಅಂಕಲ್, ದೇವರಾಜ ಮೊಹಲ್ಲಾದಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದವರು. ಇಪ್ಪತ್ತೆರಡು ವರ್ಷ ಒಮ್ಮೆಯೂ ತಪ್ಪಿರಲಿಲ್ಲ. ಈ ಫೆಬ್ರವರಿಯಲ್ಲಿ ಅಂಕಲ್ ತೀರಿಕೊಂಡರು. ಅವರಿಲ್ಲದ ಮೊದಲ ವರ್ಷವೇ ಹೂ ತಪ್ಪಿತು ಅಂತ ಆಗಬಾರದು ಎಂದು ಆಂಟಿ ಹಠ ಹಿಡಿದಿದ್ದರು.

ನವೆಂಬರ್ ಎರಡರಂದು, ತೀರಿಕೊಂಡವರ ಸಮಾಧಿಗೆ ಹೂವಿಟ್ಟು ಬಂದವರು ನನ್ನನ್ನು ದರದರ ತಾರಸಿಗೆ ಎಳೆದುಕೊಂಡು ಹೋದರು. ಎದುರುಮನೆ ಹೆಲನ್ ಆಂಟಿಯ ಗಿಡಗಳಲ್ಲಿ ಆಗಲೇ ಮೆಣಸಿನಕಾಳಿನಷ್ಟು ಮೊಗ್ಗು. ಇವರದರಲ್ಲಿ ಬರೀ ಎಲೆ.

“ಹೆಲನ್‌ದೇ ಕೆಲಸ ಕಣೇ. ಉಪ್ಪುನೀರು ಹುಯ್ದಿದ್ದಾಳೆ. ಇಲ್ಲಾಂದ್ರೆ ಅವಳ ಕಣ್ಣು.”

“ಉಪ್ಪುನೀರು ಹುಯ್ದಿದ್ರೆ ಗಿಡ ಇಷ್ಟು ಕೊಬ್ಬುತ್ತಾ ಆಂಟಿ?”

ನಾನು ಮಾನಸಗಂಗೋತ್ರಿಯಲ್ಲಿ ಗಿಡಗಳ ಜೀನ್ ಮೇಲೆ ಐದು ವರ್ಷದಿಂದ ಸಂಶೋಧನೆ ಮಾಡುತ್ತಿರುವವಳು. ನಮ್ಮಮ್ಮ ಶಿವನಂಜಮ್ಮ ಮಾತ್ರ ನೆಂಟರಿಗೆ “ಅವಳು ಅಲ್ಲಿ ಎಲೆ ಎಣಿಸ್ತಾಳೆ” ಅಂತಲೇ ಹೇಳುವುದು. ಅವತ್ತು ಎಲೆ ಬಿಟ್ಟು ತಲೆ ಎತ್ತಿ ನೋಡಿದೆ. ಕುಂಡಗಳ ನೆತ್ತಿಯ ಮೇಲೇ ಮೊರದಗಲದ ಕ್ರಿಸ್‌ಮಸ್ ಸ್ಟಾರ್! ಡಿಸೆಂಬರಿನಲ್ಲಿ ಗೇಟಿಗೆ ಕಟ್ಟಿ ಹತ್ತು ಗಂಟೆಗೆ ಆರಿಸುತ್ತಿದ್ದದ್ದನ್ನು ಈ ಸಲ ದಸರಾ ಮುಗಿದ ಮರುದಿನವೇ ತಾರಸಿಗೆ ಏರಿಸಿ, ಬೆಳಗಿನವರೆಗೆ ಉರಿಸುತ್ತಿದ್ದರು. ನಾನು ನಕ್ಕುಬಿಟ್ಟೆ. ತಲೆಗೊಂದು ಮೊಟಕು ಬಿತ್ತು.

“ಕೇಳಿ ಆಂಟಿ. ಗಿಡದೊಳಗೆ ಹೂ ಬಿಡು ಅನ್ನೋ ಜೀನ್ ಒಂದಿದೆ. ಈಗ್ಲೇ ಬೇಡ, ಸುಮ್ನಿರು ಅಂತ ಅದನ್ನ ಅದುಮಿಡೋ ಇನ್ನೊಂದಿದೆ. ಅದೇನು ಕೆಟ್ಟದ್ದಲ್ಲ. ಅದಿಲ್ದಿದ್ರೆ ಗಿಡ ಗೇಣುದ್ದ ಆಗೋದ್ರೊಳಗೆ ಹೂ ಬಿಟ್ಟು ಸೊರಗಿಹೋಗುತ್ತೆ. ಸೇವಂತಿಗೇಲಿ ರಾತ್ರಿ ಉದ್ದ ಆದ್ರೇನೇ ಆ ತಡೆ ಸಡಿಲ ಆಗೋದು. ನೀವು ಬೆಳತನಕ ದೀಪ ಉರಿಸಿದ್ರೆ ಅದಕ್ಕೆ ರಾತ್ರಿಯೇ ಆಗಲ್ಲ.”

ಆಂಟಿ ಹಣೆ ಚಚ್ಚಿಕೊಂಡರು. “ಅಂದ್ರೆ ಅದು ತಿಂಗಳು ತುಂಬೋವರ್ಗೂ ನೋವು ಬರದ ಹಾಗೆ ನೋಡ್ಕೊಳ್ಳೋದು. ಅಯ್ಯೋ ನನ್ನ ಬುದ್ಧಿಗಿಷ್ಟು! ನಾನೇ ನೋವು ತಡೆದು, ನಾನೇ ತಿಣುಕು ತಿಣುಕು ಅಂತಿದ್ನಾ?”

“ಹೂಂ. ಕ್ರಿಸ್‌ಮಸ್‌ಗೆ ಇನ್ನೂ ಏಳು ವಾರ ಇದೆ. ಸ್ಟಾರ್ ಇಳಿಸಿಬಿಡಿ.”

“ಅದಾಗಲ್ಲ.”

“ಹೆಲನ್ ಆಂಟಿ ನಗ್ತಾರೆ ಅಂತಾನಾ?”

“ಅವಳ ನಗು ಯಾರಿಗೆ ಬೇಕು?” ಎಂದು ತಾರಸಿ ಪಕ್ಕದ ತಮ್ಮ ಕೋಣೆಯ ಕಿಟಕಿ ತೋರಿಸಿದರು. “ಆ ಬೆಳಕು ಒಳಗೆ ಬಿದ್ರೇನೇ ನಂಗೆ ನಿದ್ದೆ. ಕತ್ತಲಾದ್ರೆ ಮನೇಲಿ ನಾನೊಬ್ಳೇ ಅಂತ ಗೊತ್ತಾಗ್ಬುಡುತ್ತೆ ಕಣೇ. ಭಯ ಆಗುತ್ತೆ.”

ಮೂವತ್ತನಾಲ್ಕು ವರ್ಷ ರಾತ್ರಿಪಾಳಿ ಮಾಡಿದ ಹೆಂಗಸು. ಸಮಾಧಾನ ಹೇಳಹೋದರೆ ಇನ್ನೊಂದು ಮೊಟಕು ಗ್ಯಾರಂಟಿ ಎಂದು ಬೇರೆ ಉಪಾಯ ಹುಡುಕಲು ಹೊರಟೆ.

ಉಪಾಯ ಅಟ್ಟದ ಮೇಲಿತ್ತು. ಅಂಕಲ್ ಸ್ಟುಡಿಯೊದಲ್ಲಿ ಫೋಟೊ ತೊಳೆಯುತ್ತಿದ್ದ ಕತ್ತಲೆಕೋಣೆಯ ಪರದೆ! ಎರಡು ಪದರದ್ದು, ಸೂಜಿಮೊನೆಯಷ್ಟೂ ಬೆಳಕು ಬಿಡದು. ಕುಂಡಗಳ ಸುತ್ತ ಬಿದಿರು ನೆಟ್ಟೆವು. ಸಂಜೆ ಆರಕ್ಕೆ ಹೊದಿಸಬೇಕು, ಬೆಳಿಗ್ಗೆ ಏಳಕ್ಕೆ ತೆಗೆಯಬೇಕು. ಸ್ಟಾರ್ ಅದರ ಪಾಡಿಗೆ ಉರಿಯಲಿ. ಆದರೆ ಆ ಪರದೆ ಎಮ್ಮೆ ತೂಕ, ಹಿಡಿಯಲು ಇಬ್ಬರು ಬೇಕು. ಬೆಳಿಗ್ಗೆ ತೆಗೆಯಲು ನಾನಿದ್ದೆ; ಸಂಜೆ ಮಾತ್ರ ಲ್ಯಾಬಿನಿಂದ ಬರುವುದು ಎಂಟಕ್ಕೆ.

ನೆಟ್ಟಗೆ ಎದುರುಮನೆಗೆ ಹೋದೆ. “ಹೆಲನ್ ಆಂಟಿ, ಜಯಮೇರಿ ಆಂಟಿ ಗಿಡಕ್ಕೆ ನೀವು ಉಪ್ಪುನೀರು ಹುಯ್ದ್ರಂತೆ, ಹೌದಾ?” ಎಂದು ಕೇಳಿ, ಪರದೆ ಹಿಡಿಯಲು ಇನ್ನೊಬ್ಬರು ಬೇಕಾಗಿರುವುದನ್ನೂ ಹೇಳಿದೆ.

ಹೆಲನ್ ಆಂಟಿ ಸೆರಗು ಸಿಕ್ಕಿಸಿಕೊಂಡೇ ಎದ್ದರು. “ನಾನಾ? ಒಂಟಿಯಾದ್ಲಲ್ಲಾ ಅಂತ ಸುಮ್ನಿದ್ರೆ ಇಂಥಾ ಮಾತಾ? ಪರದೆ ಇನ್ನೊಂದು ತುದಿ ನಾನೇ ಹಿಡೀತೀನಿ. ಅದೆಂಗೆ ಹೂ ಬಿಡಲ್ವೋ ನೋಡೇಬುಡ್ತೀನಿ!”

ಅಂದಿನಿಂದ ಆರಕ್ಕೆ ಸರಿಯಾಗಿ ಜಗಳ ಶುರು. “ನಿನ್ನ ಕಡೆ ಎಳಿ.” “ಎಳ್ದಿದೀನಿ ಕಣೇ, ನಿಂಗೆ ಕಣ್ಣು ಕಾಣಲ್ವಾ?” ಪರದೆ ಹೊದಿಸಲು ಐದು ನಿಮಿಷ ಸಾಕು. ಕಾಫಿಗೆ, ಚಕ್ಕುಲಿಗೆ, ಹಳೇ ಲೆಕ್ಕದ ಜಗಳಕ್ಕೆ ಎರಡು ಗಂಟೆ. ನಾನು ಬರುವ ಹೊತ್ತಿಗೆ ಇಬ್ಬರೂ ಚರ್ಚಿನ ಫಾದರ್ ಜೋಶುವಾ ಅವರ ಭಾನುವಾರದ ಉಪದೇಶ ಎಷ್ಟು ಉದ್ದ ಎಂಬ ಬಗ್ಗೆ ಒಮ್ಮತಕ್ಕೆ ಬಂದಿರುತ್ತಿದ್ದರು.

ಮೂರನೇ ವಾರ ಮೊಗ್ಗು ಕಂಡಿತು. ಡಿಸೆಂಬರ್ ಇಪ್ಪತ್ಮೂರಕ್ಕೆ ಹನ್ನೆರಡೂ ಅರಿಶಿನ ಬಣ್ಣಕ್ಕೆ ಬಿರಿದವು. “ಹನ್ನೆರಡೂ ಸುಖಪ್ರಸವ!” ಎಂದು ಆಂಟಿ ಬೀದಿಗೆಲ್ಲ ಕೇಳುವಂತೆ ಕೂಗಿದರು. ಆಮೇಲೆ ಅಂಕಲ್ ಫೋಟೊದ ಮುಂದೆ ನಿಂತು ಸ್ವಲ್ಪ ಅತ್ತರು. ಮರುದಿನ ಬೆಳಿಗ್ಗೆ ಕುಂಡಗಳೆಲ್ಲ ಗೂಡ್ಸ್ ಆಟೊ ಹತ್ತಿ ಚರ್ಚಿಗೆ ಹೋದವು.

ಆ ಸಂಜೆ ನಾನು ತಾರಸಿಗೆ ಹೋದಾಗ ಬರೀ ಬಿದಿರು ನಿಂತಿತ್ತು. ಹೆಲನ್ ಆಂಟಿ ಕಾಫಿ ಲೋಟ ಕೆಳಗಿಟ್ಟು ಮೆಲ್ಲನೆ ಎದ್ದರು. “ಸರಿ ಮೇರಿ. ಇನ್ನು ನನ್ನ ಕೆಲಸ ಮುಗೀತಲ್ಲ.”

ಜಯಮೇರಿ ಆಂಟಿ ಪರದೆಯನ್ನು ಮಡಿಸಲಿಲ್ಲ. “ಏನ್ ಮುಗೀತು? ನಾಳೆ ಆರಕ್ಕೆ ಸರಿಯಾಗಿ ಬಾ. ಪರದೆ ಹೊದಿಸ್ಬೇಕು.”

ಹೆಲನ್ ಆಂಟಿ ಖಾಲಿ ತಾರಸಿ ನೋಡಿದರು. ನನ್ನನ್ನು ನೋಡಿದರು. ಗಿಡದ ವಿಷಯ ಅಷ್ಟೆಲ್ಲ ಓದಿದ ನಾನು ಸ್ಟಾರ್ ನೋಡುತ್ತಾ ನಿಂತೆ.

“ಆರಕ್ಕೆ ತಡ ಆಗುತ್ತೆ ಕಣೇ” ಎಂದರು ಹೆಲನ್ ಆಂಟಿ. “ಐದಕ್ಕೇ ಬಂದ್ಬುಡ್ತೀನಿ.”